ಹೊಗೆ ಹೋಗುವ ದಾರಿ

ನವರಾತ್ರಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಒಂದು ಬೆಳಿಗ್ಗೆ ಆಯಿ, ಅಂದರೆ ನನ್ನ ಅಮ್ಮ, ಅಂಗಳಕ್ಕೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾಳೆ. ನೋಡುವುದು ಆಕಾಶವನ್ನಲ್ಲ, ಬಚ್ಚಲುಮನೆ ಮಾಡಿನಿಂದ ಎದ್ದು ನಿಂತ ಹೊಗೆ ಪೈಪನ್ನು. ಆಮೇಲೆ ನನ್ನ ಕಡೆ ತಿರುಗಿ ಕೇಳುತ್ತಾಳೆ. "ತಮಾ, ಪೈಪು ನೋಡಿದ್ಯ?"

ಆಯಿಗೆ ಈಗ ಎಂಬತ್ತೆರಡು. ಈ ಪ್ರಶ್ನೆಯನ್ನು ಮೊದಲು ಅಪ್ಪಯ್ಯನಿಗೆ ಕೇಳುತ್ತಿದ್ದಳು. ಈಗ ನನಗೆ ಕೇಳುತ್ತಾಳೆ. ಅವಳು ಕೇಳಿದ ದಿನದಿಂದ ನಮ್ಮ ಮನೆಯಲ್ಲಿ ಚಳಿಗಾಲದ ತಯಾರಿ ಶುರು.

ಈ ಸಲ ಅದೇ ವಾರ ಮಗಳು ಅಮೆರಿಕದ ಮಿನ್ನೆಸೋಟಾದಿಂದ ಒಂದು ಫೋಟೋ ಕಳಿಸಿದಳು. ಬೂದು ಬಣ್ಣದ ಧೂಳು ಮೆತ್ತಿದ ಒಂದು ಚೌಕದ ಹಲಗೆ, ಪಕ್ಕದಲ್ಲಿ ಅದೇ ಅಳತೆಯ ಬಿಳೀ ಹಲಗೆ. ಕೆಳಗೆ ಬರೆದಿದ್ದಳು, "ಅಪ್ಪಾ, ಫರ್ನೇಸ್ ರೆಡಿ ಮಾಡ್ತಾ ಇದ್ದೇನೆ." ಫರ್ನೇಸ್ ಅಂದರೆ ನನಗೆ ಮೊದಲು ನೆನಪಾಗುವುದು ಕಮ್ಮಾರನ ಕುಲುಮೆ. ಅವಳ ಮನೆಯಲ್ಲಿ ಅದು ನೆಲಮಾಳಿಗೆಯಲ್ಲಿ ನಿಂತ, ಕಪಾಟಿನಷ್ಟು ಎತ್ತರದ ಒಂದು ಪೆಟ್ಟಿಗೆ. ಗ್ಯಾಸ್ ಉರಿಸಿ ಗಾಳಿ ಬಿಸಿ ಮಾಡಿ ಮನೆಯ ಎಲ್ಲ ಕೋಣೆಗೂ ಕಳಿಸುತ್ತದೆ. ಅಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದು ದೊಡ್ಡ ಸುದ್ದಿಯೇ ಅಲ್ಲ. ಆ ಪೆಟ್ಟಿಗೆ ನಿಂತರೆ ಮನೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ.

ನಮ್ಮದು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ಇಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಘಟ್ಟದ ಮೇಲಿನ ಚಳಿಯನ್ನು ಕಡಿಮೆ ಅಂದುಕೊಳ್ಳಬೇಡಿ. ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ. ರಾತ್ರಿ ತಂಪಾದ ಗಾಳಿ ಭಾರವಾಗಿ ಬೆಟ್ಟದಿಂದ ಇಳಿದು ಆ ತಳದಲ್ಲೇ ಕೂರುತ್ತದೆ. ಮನೆಯೂ ತೋಟದ ಅಂಚಿನಲ್ಲೇ ಇರುವುದರಿಂದ ಪೇಟೆಗಿಂತ ನಮಗೆ ಚಳಿ ಜಾಸ್ತಿ. ಬೆಳಿಗ್ಗೆ ಒಂಬತ್ತರವರೆಗೂ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತಾ ಇರುತ್ತದೆ. ಕಾರವಾರದಲ್ಲಿರುವ ನನ್ನ ಅಕ್ಕ ಡಿಸೆಂಬರಿನಲ್ಲಿ ಇಲ್ಲಿಗೆ ಬಂದರೆ ಎರಡು ಕಂಬಳಿ ಕೇಳುತ್ತಾಳೆ. ಅವಳ ಮನೆಯಿಂದ ಸಮುದ್ರ ಕೂಗಳತೆ. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಾಗಾಗಿ ಅಲ್ಲಿಯ ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ. ದೇವಿಮನೆ ಘಟ್ಟ ಹತ್ತಿ ಬಂದರೆ ಹವೆಯೇ ಬೇರೆ.

ನಮ್ಮ ಕಡೆ ಮನೆ ಬೆಚ್ಚಗಿಡುವ ಯಂತ್ರ ಅಂತ ಏನೂ ಇಲ್ಲ. ಇರುವುದು ಬಚ್ಚಲ ಒಲೆ. ಮನೆಯವರೆಲ್ಲರ ಸ್ನಾನಕ್ಕೆ ನೀರು ಕಾಯುವುದು ಅಲ್ಲೇ. ಬೆಳಿಗ್ಗೆ ಚಳಿ ಕಾಯಿಸುತ್ತಾ ಕೂರುವುದು ಅಲ್ಲೇ. ಒದ್ದೆ ಬಟ್ಟೆ ಒಣಗುವುದೂ ಅದರ ಮೇಲೆ ಕಟ್ಟಿದ ಬಿದಿರಿನ ಗಳದಲ್ಲೇ. ಮುದುಕರು, ಬಾಣಂತಿ, ಮಕ್ಕಳು ಎಲ್ಲರಿಗೂ ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇನ್ನೊಂದಿಲ್ಲ.

ಒಲೆಯನ್ನು ಒಮ್ಮೆ ಹತ್ತಿರದಿಂದ ತೋರಿಸುತ್ತೇನೆ. ಸೊಂಟದೆತ್ತರದ ಮಣ್ಣಿನ ಕಟ್ಟೆ. ಅದರೊಳಗೆ ಕುತ್ತಿಗೆಯವರೆಗೆ ಹೂತು ಕೂರಿಸಿದ ತಾಮ್ರದ ಹಂಡೆ. ಆರು ಕೊಡ ನೀರು ಹಿಡಿಯುತ್ತದೆ. ನನ್ನ ಅಜ್ಜನ ಕಾಲದ್ದು, ಅಂಚಿನಲ್ಲಿ ಒಂದು ಕಡೆ ತಗ್ಗಿದೆ. ಹಂಡೆಯ ಹೊಟ್ಟೆಗೂ ಮಣ್ಣಿನ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಸುತ್ತಲೂ ಬಿಟ್ಟಿದೆ. ಕೆಳಗೆ ಉರಿದ ಬೆಂಕಿ ಆ ಸಂದಿನಲ್ಲಿ ಹಂಡೆಯನ್ನು ತಬ್ಬಿಕೊಂಡು ಸುತ್ತಿ, ಹಿಂಬದಿಯ ಕಂಡಿಯಿಂದ ಪೈಪು ಸೇರಿ ಮೇಲೆ ಹೋಗಬೇಕು. ಎರಡು ಬೆರಳಿನ ಈ ಸಂದು ಬಹಳ ಮುಖ್ಯ. ಜಾಸ್ತಿಯಾದರೆ ಬಿಸಿಗಾಳಿ ಹಂಡೆಗೆ ಸೋಕದೆ ಸುಮ್ನೆ ಪೈಪಿಗೆ ಹೋಗಿಬಿಡುತ್ತದೆ. ಕಡಿಮೆಯಾದರೆ ಹೊಗೆಗೆ ದಾರಿ ಸಾಲದೆ ಒಲೆಯ ಬಾಯಿಂದ ವಾಪಸ್ ಬರುತ್ತದೆ. ಇದನ್ನು ಕಟ್ಟಿದವರು ಪಕ್ಕದ ಊರಿನ ಒಬ್ಬ ಹಿರಿಯರು. ಟೇಪು ಹಿಡಿಯಲಿಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಹಂಡೆಯ ಸುತ್ತ ಒಂದು ಸುತ್ತು ಆಡಿಸಿ ನೋಡಿದರು, ಅಷ್ಟೇ.

ವರ್ಷವಿಡೀ ಉರಿದ ಒಲೆಯಲ್ಲಿ ಆ ಸಂದು ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಹಂಡೆಯ ಹೊರಮೈಗೆ ಮಸಿ ಪದರ ಪದರವಾಗಿ ಅಂಟುತ್ತದೆ. ಮಸಿ ಬಿಸಿಯನ್ನು ಒಳಗೆ ಬಿಡುವುದಿಲ್ಲ, ಅದು ಹಂಡೆಗೆ ಹೊದಿಸಿದ ಕಂಬಳಿ ಇದ್ದ ಹಾಗೆ. ಕಟ್ಟಿಗೆ ಅಷ್ಟೇ ಉರಿದರೂ ನೀರು ಕಾಯುವುದಕ್ಕೆ ಹೊತ್ತು ಹಿಡಿಯುತ್ತದೆ. ಮನೆಯವರು "ಈ ವರ್ಷ ಚಳಿ ಜೋರು" ಅನ್ನುತ್ತಾರೆ. ಚಳಿ ಅಷ್ಟೇ ಇರುತ್ತದೆ, ಮಸಿ ಜಾಸ್ತಿಯಾಗಿರುತ್ತದೆ.

ಹಾಗಾಗಿ ಮೊದಲ ಕೆಲಸ ಬೂದಿ ತೆಗೆಯುವುದು. ಬೂದಿಯನ್ನು ಎಸೆಯುವುದಿಲ್ಲ. ಒಂದು ಪಾಲು ಪಾತ್ರೆ ತಿಕ್ಕಲು, ಉಳಿದದ್ದು ತೆಂಗಿನ ಬುಡಕ್ಕೆ. ಆಮೇಲೆ ಹಂಡೆಯನ್ನು ಇಬ್ಬರು ಹಿಡಿದು ಮೇಲಕ್ಕೆತ್ತಿ ಅಂಗಳಕ್ಕೆ ತರಬೇಕು. ಹೊರಗಿನ ಮಸಿಯನ್ನು ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆಯುತ್ತೇವೆ, ಕಬ್ಬಿಣ ತಾಗಿಸಿದರೆ ತಾಮ್ರ ಸವೆಯುತ್ತದೆ. ಒಳಗಿನದಕ್ಕೆ ಹುಣಸೆಹಣ್ಣು. ತಿಕ್ಕಿ ತೊಳೆದ ಹಂಡೆಯನ್ನು ಬಿಸಿಲಿಗೆ ಕವುಚಿ ಹಾಕಿದಾಗ ಅದರ ಕೆಂಪು ಹೊಳಪು ನೋಡಬೇಕು. ವರ್ಷಕ್ಕೊಮ್ಮೆ ಕಾಣುವ ಬಣ್ಣ ಅದು.

ಹಂಡೆ ಎತ್ತಿದ ಮೇಲೆ ಒಲೆಯ ಹೊಟ್ಟೆ ಬೆಳಕಿಗೆ ಬೀಳುತ್ತದೆ. ಈ ಸಲ ಬಲಗಡೆ ಗೋಡೆಯಲ್ಲಿ ಒಂದು ಬಿರುಕು ಕಂಡಿತು. ಮೇಲಿನಿಂದ ಕೆಳಗೆ ಗೇಣುದ್ದ, ದಾರದಷ್ಟು ಸಣ್ಣ. ಬಿಟ್ಟರೂ ಆದೀತು ಅನಿಸಿತು. ಆಯಿ ಒಂದು ಊದುಬತ್ತಿ ಹಚ್ಚಿ ತರಲು ಹೇಳಿದಳು. ಅದನ್ನು ಬಿರುಕಿನ ಹೊರಬದಿಯಲ್ಲಿ ಹಿಡಿದಳು. ನೆಟ್ಟಗೆ ಮೇಲೇಳುತ್ತಿದ್ದ ಹೊಗೆಯ ಎಳೆ ಸ್ವಲ್ಪ ಬಾಗಿ ಬಿರುಕಿನ ಕಡೆ ಹೋಯಿತು. ಅಂದರೆ ಅಲ್ಲಿಂದ ಗಾಳಿ ಒಳಗೆ ಎಳೆಯುತ್ತಿದೆ. ಬಾಯಿಂದ ಬರಬೇಕಾದ ಗಾಳಿ ಪಕ್ಕದಿಂದ ನುಗ್ಗಿದರೆ ಬೆಂಕಿ ಮಂಕಾಗುತ್ತದೆ. ಪೈಪಿನ ಎಳೆತ ಕಡಿಮೆಯಾದ ದಿನ ಅದೇ ಬಿರುಕಿನಿಂದ ಹೊಗೆ ಹೊರಗೆ ಬರುತ್ತದೆ.

ಹುತ್ತದ ಮಣ್ಣು, ಸೆಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು, ಒಂದು ಮುಷ್ಟಿ ಭತ್ತದ ಹೊಟ್ಟು ಸೇರಿಸಿ ತುಳಿದು ಒಂದು ರಾತ್ರಿ ಬಿಟ್ಟೆವು. ಹುಲ್ಲು, ಹೊಟ್ಟು ಯಾಕೆ ಅಂದರೆ ಬರೀ ಮಣ್ಣು ಒಣಗುವಾಗ ಕುಗ್ಗಿ ಮತ್ತೆ ಬಿರಿಯುತ್ತದೆ. ನಾರು ಅದನ್ನು ಹಿಡಿದಿಡುತ್ತದೆ. ಹಳೆಯ ಗೋಡೆಗೆ ನೀರು ಚಿಮುಕಿಸಿ, ಬಿರುಕನ್ನು ಕತ್ತಿಯ ತುದಿಯಿಂದ ಸ್ವಲ್ಪ ಅಗಲ ಮಾಡಿ, ಹೆಬ್ಬೆರಳಿನಿಂದ ಮಣ್ಣು ಒತ್ತಿ ಒತ್ತಿ ತುಂಬಬೇಕು. ಸಿಮೆಂಟು ಬೇಡ. ಬೆಂಕಿಯ ಮುಂದೆ ಸಿಮೆಂಟು ಬೇಗ ಸಿಡಿಯುತ್ತದೆ. ಒಂದು ವರ್ಷ ಆತುರಕ್ಕೆ ಸಿಮೆಂಟು ಮೆತ್ತಿ ನಾವೇ ನೋಡಿದ್ದೇವೆ, ಎರಡು ತಿಂಗಳಿಗೆ ಚಕ್ಕೆ ಎದ್ದಿತ್ತು.

ಇನ್ನು ಕಟ್ಟಿಗೆ. ಚಳಿಗಾಲದ ಕಟ್ಟಿಗೆಯ ಕೆಲಸ ನಡೆಯುವುದು ಬೇಸಿಗೆಯಲ್ಲಿ. ನಮ್ಮ ಕಡೆ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಇರುತ್ತದೆ. ಬ್ರಿಟಿಷರ ಕಾಲದಿಂದ ಬಂದ ಹಕ್ಕು ಅದು, ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದವರೆಗೆ. ತೋಟಕ್ಕೆ ಸೊಪ್ಪು, ದನದ ಕೊಟ್ಟಿಗೆಗೆ ದರಕು ಅಂದರೆ ಉದುರಿದ ಒಣ ಎಲೆ, ಒಲೆಗೆ ಒಣಗಿ ಬಿದ್ದ ಟೊಂಗೆ, ಎಲ್ಲವೂ ಅಲ್ಲಿಂದಲೇ. ಮತ್ತಿ, ಹೊನಗಲು, ನೇರಲು ಮರಗಳದ್ದು. ಫೆಬ್ರವರಿ, ಮಾರ್ಚಿನಲ್ಲಿ ಒಡೆದು, ಮಳೆ ಹಿಡಿಯುವ ಮೊದಲು ಕಟ್ಟಿಗೆ ಮನೆಗೆ ಸೇರಿಸಬೇಕು. ಶಿರಸಿಯಲ್ಲಿ ಸುರಿಯುವುದು ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ಆ ನಾಲ್ಕು ತಿಂಗಳಲ್ಲಿ ಮಾಡಿನ ಕೆಳಗಿನ ಉಪ್ಪೂ ನೀರಾಗುತ್ತದೆ. ಹೊರಗೆ ಬಿಟ್ಟ ಕಟ್ಟಿಗೆಯ ಗತಿ ಕೇಳಬೇಕೇ?

ಹಸಿ ಕಟ್ಟಿಗೆ ಯಾಕೆ ಬೇಡ ಅನ್ನುವುದನ್ನು ಆಯಿ "ಅದು ಅಳ್ತು" ಅಂತ ಒಂದೇ ಮಾತಿನಲ್ಲಿ ಹೇಳುತ್ತಾಳೆ. ತುದಿಯಿಂದ ನೀರು ನೊರೆ ನೊರೆಯಾಗಿ ಸೂಸುತ್ತದಲ್ಲ, ಅದು ಅವಳ ಲೆಕ್ಕದಲ್ಲಿ ಅಳು. ನಾನು ಇದರ ಲೆಕ್ಕ ಹಾಕಿ ನೋಡಿದ್ದೇನೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ ಮೇಲೆ ಐದನೇ ಒಂದು ಪಾಲಿಗಿಂತ ಕಡಿಮೆ. ಕುದಿಯುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲರಿ ಶಾಖ ಬೇಕು. 20 ಡಿಗ್ರಿಯ ಒಂದು ಲೀಟರ್ ನೀರನ್ನು ಸ್ನಾನದ 45 ಡಿಗ್ರಿಗೆ ತರಲು ಬೇಕಾದದ್ದು ಬರೀ 25. ಅಂದರೆ ಕಟ್ಟಿಗೆಯೊಳಗಿನ ಒಂದೊಂದು ಲೀಟರ್ ನೀರನ್ನು ಓಡಿಸಲು ಹೋದ ಬೆಂಕಿಯಲ್ಲಿ ಇಪ್ಪತ್ತು ಲೀಟರಿಗೂ ಹೆಚ್ಚು ಸ್ನಾನದ ನೀರು ಕಾಯುತ್ತಿತ್ತು. ಒಬ್ಬರ ಮೀಯುವ ನೀರು! ಅದು ಹೊಗೆಯಾಗಿ ಹೋಯಿತು. ಸಾಲದ್ದಕ್ಕೆ ಹಸಿ ಕಟ್ಟಿಗೆಯ ತಂಪು ಹೊಗೆ ಪೈಪಿನೊಳಗೆ ಜಿಡ್ಡು ಮಸಿಯಾಗಿ ಅಂಟುತ್ತದೆ. ಒಣ ಮಸಿ ಉದುರುತ್ತದೆ, ಈ ಜಿಡ್ಡು ಉದುರುವುದಿಲ್ಲ. ಒಂದು ದಿನ ಅದಕ್ಕೇ ಬೆಂಕಿ ಹೊತ್ತಿಕೊಂಡರೆ ಪೈಪು ಬಿರಿಯುತ್ತದೆ, ಮಾಡಿಗೂ ಅಪಾಯ.

ಒಣಗಿದೆಯೋ ಇಲ್ಲವೋ ನೋಡಲು ಆಯಿ ಎರಡು ಕೊಳ್ಳಿ ಎತ್ತಿ ಒಂದಕ್ಕೊಂದು ಬಡಿಯುತ್ತಾಳೆ. ಒಣಗಿದ್ದು ಟಣ್ ಅನ್ನುತ್ತದೆ. ಹಸಿ ಇದ್ದದ್ದು ದಪ್ ಅನ್ನುತ್ತದೆ. ದಪ್ ಅಂದದ್ದನ್ನು ತಿರುಗಿ ಅಟ್ಟಕ್ಕೆ ಹಾಕಿಸುತ್ತಾಳೆ.

ಹೊಗೆ ಪೈಪಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೆ ತಳ್ಳುತ್ತಾ ಬಂದೆ. ಅದಕ್ಕೆ ಕಾರಣ ಇದೆ.

ಅಪ್ಪಯ್ಯ ಹೋಗಿದ್ದು ಒಂದು ಆಷಾಢದಲ್ಲಿ. ಆ ವರ್ಷ ನವರಾತ್ರಿ ಬಂತು, ಹೋಯಿತು. ಆಯಿ ಮೇಲೆ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಮಾಡು ಹತ್ತುವುದು ಅಪ್ಪಯ್ಯನ ಕೆಲಸವಾಗಿತ್ತು. ನನ್ನ ತಲೆಯಲ್ಲಿ ಕ್ರಿಯಾಕರ್ಮ, ತೋಟದ ಕೊಳೆ ರೋಗ, ಸೊಸೈಟಿ ಸಾಲ ಇವೇ ತುಂಬಿದ್ದವು. ಹಂಡೆ ತೊಳೆದೆವು, ಕಟ್ಟೆಗೆ ಕೆಮ್ಮಣ್ಣು ಬಳಿದೆವು, ಪೈಪು ನೋಡಲಿಲ್ಲ.

ಕಾರ್ತಿಕದ ಕೊನೆ. ಬೆಳಗಿನ ಜಾವ ಐದು ಗಂಟೆ. ಆಯಿ ಎಂದಿನಂತೆ ಬಚ್ಚಲುಮನೆಗೆ ಹೋಗಿ ಒಲೆ ಹಚ್ಚಿದ್ದಳು. ಚಳಿ ಅಂತ ಬಾಗಿಲು ಹಾಕಿಕೊಂಡಿದ್ದಳು, ಕಿಟಕಿಗೆ ಗೋಣಿ ಕಟ್ಟಿತ್ತು. ಆರು ಗಂಟೆಗೆ ನಾನು ಎದ್ದಾಗ ಅವಳು ಅಡುಗೆಮನೆಯಲ್ಲಿ ಇರಲಿಲ್ಲ. ಬಚ್ಚಲ ಬಾಗಿಲು ತೆಗೆದೆ. ಹೊಗೆ ನನ್ನ ಎದೆಯೆತ್ತರಕ್ಕೆ ನಿಂತಿತ್ತು. ಆಯಿ ಮಣೆಯ ಮೇಲೆ ಕೂತು ಗೋಡೆಗೆ ತಲೆ ಒರಗಿಸಿದ್ದಳು. ಕೈಯಲ್ಲಿ ಊದುಗೊಳವೆ ಹಾಗೇ ಇತ್ತು. ಕರೆದರೆ "ಹಾಂ" ಅಂದಳು, ಏಳಲಿಲ್ಲ. ಎತ್ತಿಕೊಂಡು ಅಂಗಳಕ್ಕೆ ಬಂದೆ. ಹೊರಗಿನ ಗಾಳಿಗೆ ಸ್ವಲ್ಪ ಹೊತ್ತಿನಲ್ಲಿ ವಾಂತಿ ಮಾಡಿಕೊಂಡಳು. ಇಡೀ ದಿನ ತಲೆ ಸಿಡಿಯುತ್ತದೆ ಅಂದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಾಗಿಲು ಹಾಕಿತ್ತಾ?"

ಮಧ್ಯಾಹ್ನ ನಾನು ಏಣಿ ಇಟ್ಟು ಮಾಡು ಹತ್ತಿದೆ. ಪೈಪಿನ ಟೋಪಿ ಓರೆಯಾಗಿತ್ತು. ಒಳಗೆ ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಅಳಿಲಿನ ಗೂಡು. ತೆಂಗಿನ ನಾರು, ಹತ್ತಿ, ಅಪ್ಪಯ್ಯನ ಹಳೆಯ ಪಂಚೆಯ ಒಂದು ಚೂರು. ಮಳೆಗಾಲದಲ್ಲಿ ಅಂಗಳದ ಗಳದ ಮೇಲಿದ್ದ ಪಂಚೆಯಿಂದ ಕಿತ್ತು ಒಯ್ದಿರಬೇಕು. ಅದನ್ನು ಕೈಯಲ್ಲಿ ಹಿಡಿದು ಮಾಡಿನ ಮೇಲೆ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿದು ಒಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಎದ್ದು ಹೋಗಬೇಕು ಅಂತ ಅನಿಸುವ ಹೊತ್ತಿಗೆ ಏಳಲು ಕಾಲಿಗೆ ಬಲ ಇರುವುದಿಲ್ಲ. ಕಟ್ಟಿಗೆ ಒಲೆಯಲ್ಲಾದರೆ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತದೆ. ಗ್ಯಾಸ್ ಗೀಸರಿನಲ್ಲಿ ಆ ಎಚ್ಚರಿಕೆಯೂ ಇಲ್ಲ. ಗಾಳಿಯಾಡದ ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡು ಜೀವ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಹಾಗಿದ್ದರೆ ದಯವಿಟ್ಟು ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಪೈಪಿನಲ್ಲಿ ಬಿಸಿನೀರು ಒಳಗೆ ತನ್ನಿ. ಅದು ಆಗುವವರೆಗೆ ಮೊದಲು ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಕಿಟಕಿ ತೆರೆದಿಟ್ಟು ಸ್ನಾನ ಮಾಡಿ. ಚಳಿ ಆದರೆ ಆಗಲಿ.

ಈಗ ನಾನು ಪೈಪನ್ನು ವರ್ಷಕ್ಕೆ ಎರಡು ಸಲ ನೋಡುತ್ತೇನೆ. ಹಗ್ಗದ ತುದಿಗೆ ಒಂದು ಕಲ್ಲು, ಅದರ ಮೇಲೆ ತೆಂಗಿನ ಸಿಪ್ಪೆಯ ದೊಡ್ಡ ಗಂಟು. ಮೇಲಿನಿಂದ ಇಳಿಬಿಟ್ಟು ಜಗ್ಗುತ್ತಾ ಹೋದರೆ ಮಸಿ ಕೆಳಗಿನ ಕಂಡಿಗೆ ಬೀಳುತ್ತದೆ. ಪೈಪಿನ ತುದಿ ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲೆ ಇರಬೇಕು, ಇಲ್ಲದಿದ್ದರೆ ಮಾಡಿಗೆ ಬಡಿದ ಗಾಳಿ ಹೊಗೆಯನ್ನು ವಾಪಸ್ ಒತ್ತುತ್ತದೆ. ಟೋಪಿಗೂ ಪೈಪಿಗೂ ನಡುವೆ ತಂತಿ ಜಾಲರಿ ಸುತ್ತಿದ್ದೇನೆ, ಅಳಿಲು ನುಗ್ಗಬಾರದು ಆದರೆ ಮಸಿಯೂ ಕಟ್ಟಬಾರದು ಅನ್ನುವಷ್ಟು ದೊಡ್ಡ ಕಣ್ಣಿನದ್ದು. ಕಿಟಕಿಯ ಗೋಣಿ ಅವತ್ತೇ ಕಿತ್ತೆ. ಬಾಗಿಲಿನ ಕೆಳಗೆ ನಾಲ್ಕು ಬೆರಳು ಕೊಯ್ಸಿದ್ದೇನೆ. ಬೆಂಕಿ ಇರುವಲ್ಲಿಗೆ ಗಾಳಿ ಬರಲೇಬೇಕು.

ನಮ್ಮ ಊರಲ್ಲಿ ಒಲೆ ಸುಧಾರಿಸುವ ಯೋಚನೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಅನ್ನುವ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಬೆಂಕಿಗೆ ಮುಚ್ಚಿದ ಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. 1983ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಸಾಲ್ಕಣಿ ಕಡೆಯ ಕಾಡಿನಲ್ಲಿ ಜನ ಮರ ತಬ್ಬಿ ನಿಂತು ಅಪ್ಪಿಕೋ ಚಳವಳಿ ಶುರುಮಾಡಿದರು. ಅದರ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಎಲ್ಲರಿಗೂ ಗೊತ್ತು. 'ಉಳಿಸು, ಬೆಳೆಸು, ಬಳಸು' ಅನ್ನುವುದು ಅವರ ಮಾತು. ಮರ ಅಪ್ಪಿಕೊಂಡ ಕತೆ ಎಲ್ಲರೂ ಹೇಳುತ್ತಾರೆ. ಆಮೇಲೆ ಅದೇ ಜನ ಮನೆ ಮನೆಗೆ ಹೋಗಿ ಕಟ್ಟಿಗೆ ಉಳಿಸುವ ಎರಡು ಸಾವಿರದಷ್ಟು ಒಲೆ ಕಟ್ಟಿಕೊಟ್ಟ ಕತೆ ಹೇಳುವವರು ಕಡಿಮೆ. ಆ ಒಲೆಗಳಲ್ಲಿ ಕಟ್ಟಿಗೆ ಶೇಕಡಾ 40ರ ಹತ್ತಿರ ಉಳಿಯುತ್ತಿತ್ತು. ನನಗೆ ಆ ಎರಡನೇ ಕತೆಯೇ ದೊಡ್ಡದು. ಕಾಡು ಉಳಿಸುವ ಕೆಲಸ ಅಡುಗೆಮನೆಯ ಒಳಗೆ, ಹೆಂಗಸರ ಕಣ್ಣಿನ ಮುಂದೆ ನಡೆಯಿತು. ಉಳಿದದ್ದು ಬೆಟ್ಟದ ಮರ ಅಷ್ಟೇ ಅಲ್ಲ, ಅವರ ಎದೆಯೂ ಉಳಿಯಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಆಯಿಯಂಥವರು ಎಷ್ಟು ಮಂದಿ ಇದ್ದಾರೋ.

ಈಗ ಅಡುಗೆಗೆ ಎಲ್ಲರ ಮನೆಯಲ್ಲೂ ಗ್ಯಾಸ್ ಬಂದಿದೆ. ಕೆಲವರಿಗೆ ಗೋಬರ್ ಗ್ಯಾಸ್ ಇದೆ. ಮಾಡಿನ ಮೇಲೆ ಸೋಲಾರ್ ಇದೆ. ಆದರೂ ಬಚ್ಚಲ ಒಲೆ ಹೋಗಿಲ್ಲ. ಮಳೆಗಾಲದಲ್ಲಿ ಸೋಲಾರ್ ಮಲಗುತ್ತದೆ, ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಸೋಗೆ ಕಣ್ಣೆದುರಿಗೇ ಬಿದ್ದಿರುತ್ತವೆ. ಒಲೆ ಇರುತ್ತದೆ ಅಂದ ಮೇಲೆ ಅದನ್ನು ಸರಿಯಾಗಿ ಇಟ್ಟುಕೊಳ್ಳುವುದೇ ದಾರಿ. ಒಂದು ಮಾತು, ಅಡಿಕೆ ಸಿಪ್ಪೆಯನ್ನು ಒಂದೇ ಸಲ ರಾಶಿ ತುಂಬಬೇಡಿ. ಅದು ಉರಿಯುವುದಿಲ್ಲ, ಹೊಗೆಯಾಡುತ್ತದೆ. ಚೆನ್ನಾಗಿ ಹೊತ್ತಿದ ಕೊಳ್ಳಿಯ ಮೇಲೆ ಒಂದೊಂದು ಹಿಡಿ ಹಾಕಿದರೆ ಮಾತ್ರ ಬೆಂಕಿಯಾಗುತ್ತದೆ.

ಮಗಳ ಫರ್ನೇಸ್‌ಗೆ ಬರುತ್ತೇನೆ. ಅವಳು ವಿಡಿಯೋದಲ್ಲಿ ಒಂದೊಂದಾಗಿ ತೋರಿಸಿದಳು, ನಾನು ಮತ್ತು ಆಯಿ ಕೂತು ನೋಡಿದೆವು. ಆ ಧೂಳಿನ ಹಲಗೆ ಫಿಲ್ಟರು. ಮನೆಯ ಗಾಳಿ ಅದರ ಮೂಲಕ ಹಾದು ಪೆಟ್ಟಿಗೆಗೆ ಹೋಗುತ್ತದೆ. ತೆಳುವಾದದ್ದಾದರೆ ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಗಾಳಿ ಹೋಗುವ ದಿಕ್ಕಿಗೆ ಬಾಣದ ಗುರುತು ಇರುತ್ತದೆ, ಅದು ಫರ್ನೇಸ್ ಕಡೆ ಮುಖ ಮಾಡಬೇಕು. ಅವಳ ಮೊದಲ ಚಳಿಗಾಲದಲ್ಲಿ ಇದು ಗೊತ್ತಿರಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಫರ್ನೇಸ್ ಹೊತ್ತುವುದು, ಐದು ನಿಮಿಷಕ್ಕೆ ಆರುವುದು, ಮತ್ತೆ ಹೊತ್ತುವುದು, ಆರುವುದು. ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿ ಸಾಲದೆ ಒಳಗಿನ ಲೋಹ ಮಿತಿಮೀರಿ ಕಾಯುತ್ತಿತ್ತು. ಹಾಗಾದಾಗ ಗ್ಯಾಸ್ ನಿಲ್ಲಿಸಲು ಒಂದು ಸುರಕ್ಷಾ ಸ್ವಿಚ್ ಇದೆ, ಅದು ತನ್ನ ಕೆಲಸ ಮಾಡುತ್ತಿತ್ತು. ಅವಳು ಕೋಟು ಹಾಕಿಕೊಂಡೇ ಮಲಗಿದಳಂತೆ. ಅದನ್ನು ನನಗೆ ಹೇಳಿದ್ದು ಮಾರ್ಚಿನಲ್ಲಿ.

ಈಗ ಅವಳು ಅಕ್ಟೋಬರಿನಲ್ಲೇ, ಇನ್ನೂ ಬೇಕಿಲ್ಲದಾಗಲೇ, ಒಮ್ಮೆ ಹಚ್ಚಿ ನೋಡುತ್ತಾಳೆ. ಮೊದಲ ಸಲ ಸ್ವಲ್ಪ ಸುಟ್ಟ ಧೂಳಿನ ವಾಸನೆ ಬರುತ್ತದೆ, ಬೇಗ ಹೋಗುತ್ತದೆ. ಸಣ್ಣ ಗಾಜಿನ ಕಿಂಡಿಯಲ್ಲಿ ಉರಿಯ ಬಣ್ಣ ನೋಡುತ್ತಾಳೆ. ನೀಲಿ ಇದ್ದರೆ ಸರಿ, ಹಳದಿಯಾಗಿ ಅಲ್ಲಾಡಿದರೆ ಬೆಂಕಿಗೆ ಗಾಳಿ ಸರಿಯಾಗಿ ಸೇರುತ್ತಿಲ್ಲ ಅಂತ. ಉರಿಗೂ ಮನೆಯ ಗಾಳಿಗೂ ನಡುವೆ ಒಂದು ಲೋಹದ ಗೋಡೆ ಇದೆ. ಅದರಲ್ಲಿ ಬಿರುಕು ಬಿಟ್ಟರೆ ವಿಷದ ಗಾಳಿ ಮನೆಗೆ ಸೇರಬಹುದು. ಅದನ್ನು ನೋಡಲು ವರ್ಷಕ್ಕೊಮ್ಮೆ ಕಲಿತವರೇ ಬರುತ್ತಾರೆ. ಮಲಗುವ ಕೋಣೆಯ ಹತ್ತು ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಹಿಡಿದು ಕೂಗುವ ಅಲಾರಂ ಇರಲೇಬೇಕು ಅಂತ ಆ ರಾಜ್ಯದಲ್ಲಿ ಕಾನೂನೇ ಇದೆ. ಅವಳು ಗುಂಡಿ ಒತ್ತಿ ಅದನ್ನು ಕೂಗಿಸಿ ತೋರಿಸಿದಳು. ಆ ಕೀಚಲು ಸದ್ದಿಗೆ ನನ್ನ ಕಣ್ಣು ಒದ್ದೆಯಾಯಿತು. ಅವತ್ತು ಆಯಿಯ ಹತ್ತಿರ ಹಾಗೆ ಕೂಗುವುದು ಏನೂ ಇರಲಿಲ್ಲ. ಈ ದೀಪಾವಳಿಗೆ ಹೊಸ ಬಟ್ಟೆ ಬೇಡ, ಅಂಥದ್ದೇ ಒಂದು ತರಿಸಿ ನಮ್ಮ ಬಚ್ಚಲಿನ ಹೊರಗೆ ಹಾಕೋಣ ಅಂದೆ. ಹೆಂಡತಿ ಆಗಲೇ ಗೋಡೆಯಲ್ಲಿ ಜಾಗ ನೋಡಿಟ್ಟಿದ್ದಾಳೆ.

ದೀಪಾವಳಿ ಅಂದರೆ ನಮಗೆ ಮೊದಲು ಬೂರೆ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವುದು. ಆ ಹೊತ್ತಿಗೆ ಒಲೆಯ ಎಲ್ಲ ಕೆಲಸ ಮುಗಿದಿರಬೇಕು. ಯಾರು ಹೀಗೆ ಗಡುವು ಇಟ್ಟರೋ, ಅವರಿಗೆ ಚಳಿಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹಂಡೆಯನ್ನು ಮತ್ತೆ ಕೂರಿಸಿದೆವು. ನಾನು ಎರಡು ಬೆರಳು ಜೋಡಿಸಿ ಸುತ್ತಲೂ ಆಡಿಸಿದೆ, ಎಲ್ಲೂ ತಡೆಯಲಿಲ್ಲ. ಕಟ್ಟೆಗೆ ಕೆಮ್ಮಣ್ಣು, ಅದರ ಮೇಲೆ ಹೆಂಡತಿ ಶೇಡಿಯಿಂದ, ಅಂದರೆ ಬಿಳೀ ಮಣ್ಣಿನಿಂದ, ಬರೆದ ಬಳ್ಳಿ. ಹಂಡೆಯ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ, ಒಂದೆರಡು ಚೆಂಡುಹೂವು. ಬಾವಿಯಿಂದ ಹೊಸ ನೀರು ತಂದು ತುಂಬಿದೆವು.

ಬೆಳಗಿನ ಜಾವ ನಾಲ್ಕೂವರೆಗೆ ಒಲೆ ಹಚ್ಚಿದ್ದು ಆಯಿಯೇ. ಹಚ್ಚುವ ಮೊದಲು ಒಣ ಸೋಗೆಯ ಸಣ್ಣ ಪಂಜು ಮಾಡಿ ಹಿಂಬದಿ ಕಂಡಿಯೊಳಗೆ, ಪೈಪಿನ ಬುಡದಲ್ಲಿ ಒಂದು ಗಳಿಗೆ ಹಿಡಿದಳು. ರಾತ್ರಿಯೆಲ್ಲ ತಣ್ಣಗಾದ ಪೈಪಿನಲ್ಲಿ ಭಾರದ ಗಾಳಿ ಬಿರಡೆಯಂತೆ ಕೂತಿರುತ್ತದೆ. ಅದನ್ನು ಮೊದಲು ಬಿಸಿ ಮಾಡಿ ಎಬ್ಬಿಸಬೇಕು. ಒಮ್ಮೆ ಅದು ಮೇಲೆದ್ದರೆ ಒಲೆಯ ಬಾಯಿಂದ ಗಾಳಿ ತಾನಾಗಿ ಒಳಗೆ ಹೋಗುತ್ತದೆ. ಪಂಜಿನ ಉರಿ ಮೇಲಕ್ಕೆ ಬಾಗಿ ಬುಸ್ ಅಂತು. ಆಗ ಅವಳು ಕೆಳಗೆ ಕಡ್ಡಿ ಗೀರಿದಳು. ಊದುಗೊಳವೆ ಮುಟ್ಟಬೇಕಾಗಲಿಲ್ಲ.

ಎಣ್ಣೆಸ್ನಾನ ಮುಗಿಸಿ ಕೂತಿದ್ದಾಗ ಮಗಳ ಫೋನು ಬಂತು. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ, ಆ ವರ್ಷದ ಮೊದಲ ಹಿಮ ಸಣ್ಣಗೆ ಬೀಳುತ್ತಿತ್ತು. ಫರ್ನೇಸ್ ಶುರುವಾದ ಸದ್ದು ಅಜ್ಜಿಗೆ ಕೇಳಿಸಿದಳು. ಗುಂಯ್ ಅನ್ನುವ ತೆಳು ಸದ್ದು. ಆಯಿ ಅಷ್ಟೂ ಕೇಳಿಸಿಕೊಂಡು ಕೇಳಿದಳು, "ಅದೆಲ್ಲಾ ಸರಿ ಕೂಸೆ. ಹೊಗೆ ಎಲ್ಲಿಗೆ ಹೋಗ್ತು?"

ಮಗಳು ಹೇಳಲು ಹೋದಳು. ಈ ಫರ್ನೇಸ್ ಉರಿಯ ಶಾಖವನ್ನು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ, ಹೊಗೆಯೊಳಗಿನ ಆವಿಯೂ ತಣಿದು ನೀರಾಗುತ್ತದೆ, ಉಳಿದದ್ದು ಎಷ್ಟು ತಂಪೆಂದರೆ ಪ್ಲಾಸ್ಟಿಕ್ ಪೈಪಿನಲ್ಲೇ ಹೊರಗೆ ಬಿಡಬಹುದು ಅಂತ. ಆಯಿಗೆ ಅದು ಸಾಲಲಿಲ್ಲ. "ತೋರ್ಸು" ಅಂದಳು.

ಮಗಳು ಬೂಟು ಹಾಕಿಕೊಂಡು ಹೊರಗೆ ಹೋದಳು. ಮನೆಯ ಪಕ್ಕದ ಗೋಡೆಯಿಂದ ಮೊಳದಷ್ಟು ಹೊರಬಂದ ಒಂದು ಬಿಳೀ ಪೈಪು. ಹಿಮ ರಾಶಿ ಬಿದ್ದಾಗ ಇದು ಮುಚ್ಚಿಹೋಗಬಾರದು, ಅದಕ್ಕೇ ಸುತ್ತ ಸಲಿಕೆಯಿಂದ ತೆಗೆಯುತ್ತಾ ಇರುತ್ತೇನೆ ಅಂದಳು. ಬಗ್ಗಿ ಫೋನನ್ನು ಹತ್ತಿರ ಹಿಡಿದಳು. ಕತ್ತಲಲ್ಲಿ, ಅಂಗಳದ ದೀಪದ ಬೆಳಕಿಗೆ, ಪೈಪಿನ ಬಾಯಿಂದ ಬಿಳೀ ಆವಿ ಎಳೆ ಎಳೆಯಾಗಿ ಹೊರಗೆ ಬಂದು ಹಿಮದ ನಡುವೆ ಮೇಲೆ ಹೋಗುತ್ತಿತ್ತು.

ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ನಮ್ಮ ಮಾಡಿನ ಮೇಲೆ ಪೈಪನ್ನು ನೋಡುವಷ್ಟೇ ಹೊತ್ತು ನೋಡಿದಳು.

"ಹಾಂ, ಹೋಗ್ತಾ ಇದ್ದು. ನೀನು ಒಳಗೆ ಹೋಗು, ಥಂಡಿ ಇದ್ದು" ಅಂದಳು.